ಮಂಗಳ ಹಾಡದ ಜಗಳ

ಜೈನಾಪುರದ ದುಂಡವ್ವನ ವಿಷಯ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ದಣಿವಾಗುತ್ತದೆ. ಆಕೆಯಿಂದಲ್ಲ, ನನ್ನಿಂದ. ಈ ಕಥೆಯಲ್ಲಿ ನಾನು ಮಾಡಿದ ಒಂದು ಸಣ್ಣ ಕೆಲಸವಿದೆ. ಬೆರಳ ತುದಿಯ ಕೆಲಸ. ಅದನ್ನು ಬಿಟ್ಟು ಆಕೆಯ ಕಥೆ ಹೇಳಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ.

ನಾನು ಸತೀಶಕುಮಾರ. ಬಬಲೇಶ್ವರದ ಬಸ್ ನಿಲ್ದಾಣದ ಎದುರಿಗೆ ಝೆರಾಕ್ಸ್ ಮತ್ತು ಮೊಬೈಲ್ ರೀಚಾರ್ಜಿನ ಅಂಗಡಿ ಇಟ್ಟುಕೊಂಡಿದ್ದೇನೆ. ಹಗಲೆಲ್ಲ ಜನರ ಆಧಾರ್ ಕಾರ್ಡು ಝೆರಾಕ್ಸ್ ಮಾಡುವುದು, ಹಾಡಿಕೆಗೆ ಕರೆ ಬಂದ ದಿನ ಒಂಟಿ ತಂತಿಯ ತುಂತುಣಿ ಹೆಗಲಿಗೆ ಹಾಕಿಕೊಂಡು ದುಂಡವ್ವನ ಹಿಂದೆ ನಿಲ್ಲುವುದು, ಇಷ್ಟೇ ನನ್ನ ಬಾಳು. ಆಕೆ ಹಾಡುತ್ತಾಳೆ, ನಾನು ಇಪ್ಪತ್ತೆರಡು ವರ್ಷದಿಂದ ಹಿಂದೆ ನಿಂತು ‘ಜೀ’ ಎಂದು ದನಿ ಎಳೆಯುತ್ತಿದ್ದೇನೆ.

ನಮ್ಮ ಕಡೆಯ ಗೀಗೀ ಪದ ಕೇಳದವರಿಗೆ ಒಂದೆರಡು ಮಾತು ಹೇಳಬೇಕು. ಹಾಡಿಕೆಯಲ್ಲಿ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡಬೇಕು. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎಂದು ಹಾಡಬೇಕು. ಒಬ್ಬರು ಸವಾಲು ಹಾಕುತ್ತಾರೆ, ಇನ್ನೊಬ್ಬರು ಜವಾಬು ಕೊಡುತ್ತಾರೆ. ಸವಾಲೆಂದರೆ ಮರ್ಯಾದೆಯ ಪ್ರಶ್ನೆ ಎಂದು ತಿಳಿಯಬೇಡಿ. ಎದುರಿನವನ ಮೀಸೆ, ಮೂಗು, ಅವನ ಊರು, ಅವನ ಅಡುಗೆಮನೆ ಎಲ್ಲವೂ ಬಯಲಿಗೆ ಬೀಳುತ್ತವೆ. ಕೇಳುವವರು ಸೀಟಿ ಹೊಡೆದು ನೆಲ ಬಡಿಯುತ್ತಾರೆ. ಹೊಸಬರು ಯಾರಾದರೂ ನೋಡಿದರೆ ಇವತ್ತು ಇಲ್ಲೊಂದು ಕೊಲೆ ಆಗುತ್ತದೆ ಎಂದು ಹೆದರಿ ಮನೆಗೆ ಓಡಬೇಕು, ಹಾಗಿರುತ್ತದೆ.

ಬೆಳಗಾದ ಮೇಲೆ ಎರಡೂ ಮೇಳ ಕೂಡಿ ಮಂಗಳ ಹಾಡುತ್ತವೆ. ಮೊದಲ ಸಾಲು ಒಬ್ಬರದು, ಎರಡನೆಯದು ಇನ್ನೊಬ್ಬರದು. ದುಂಡವ್ವನಿಗೂ ಆಕೆಯ ಎದುರು ಹಾಡುತ್ತಿದ್ದ ತಿಕೋಟಾದ ಖಂಡಪ್ಪನಿಗೂ ಹಾಡು ಕಲಿಸಿದವನು ಒಬ್ಬನೇ, ತೀರಿಹೋದ ಶಿವಯೋಗೆಪ್ಪ ಮುತ್ಯಾ. ಅವನು ಇಬ್ಬರಿಗೂ ಒಂದು ಕಟ್ಟು ಹಾಕಿ ಹೋಗಿದ್ದ. ಸವಾಲು ಹಾಕಿದವರು ಜವಾಬು ಕೇಳದೆ ಏಳಬಾರದು, ಮಂಗಳ ಹಾಡದೆ ಯಾರೂ ಮನೆಗೆ ಹೋಗಬಾರದು, ಮಂಗಳ ಆದ ಮೇಲೆ ಇಬ್ಬರೂ ಒಂದೇ ರೊಟ್ಟಿ ಮುರಿದು ತಿನ್ನಬೇಕು. ಮೂವತ್ತು ವರ್ಷ ಅವರಿಬ್ಬರೂ ಊರೂರು ತಿರುಗಿ ಒಬ್ಬರನ್ನೊಬ್ಬರು ಹರಿದು ಹಾಕಿದರು, ಮೂವತ್ತು ವರ್ಷವೂ ರೊಟ್ಟಿ ಮುರಿದರು.

ದುಂಡವ್ವನಿಗೆ ಈಗ ಅರವತ್ತು. ಗಂಡನಿಗೆ ಕುರಿಹಿಂಡು ಇತ್ತು. ಅವನು ಸತ್ತ ಮೇಲೆ ಹಿಂಡು ಮಾರಿ ಆರು ಆಡು ಉಳಿಸಿಕೊಂಡಳು. ಎರಡು ಎಕರೆಯಲ್ಲಿ ಜೋಳ ಬಿತ್ತುತ್ತಾಳೆ. ಒಡಹುಟ್ಟಿದವರು ಯಾರೂ ಇಲ್ಲ. ಅಪ್ಪ ಅವ್ವ ಹೋದಮೇಲೆ ತವರೂ ಇರಲಿಲ್ಲ. ತವರಿಲ್ಲದ ಹೆಣ್ಣುಮಗಳ ನಾಗರಪಂಚಮಿ ಹೇಗಿರುತ್ತದೆ ಎಂದು ನಮ್ಮ ಕಡೆಯ ಹೆಂಗಸರನ್ನೇ ಕೇಳಬೇಕು. ಓಣಿಯ ಹೆಂಗಸರೆಲ್ಲ ಅಣ್ಣತಮ್ಮಂದಿರ ಹಿಂದೆ ಉಂಡಿಯ ಡಬ್ಬಿ ಹಿಡಿದು ಹೋಗುವಾಗ ಈಕೆ ಬಾಗಿಲು ಮುಚ್ಚಿಕೊಂಡು ಕೂರುತ್ತಿದ್ದಳಂತೆ.

ಆ ತವರು ಆಕೆಗೆ ಹಾಡಿಕೆಯಲ್ಲಿ ಸಿಕ್ಕಿತು. ಒಂದು ಊರಲ್ಲಿ ಈಕೆ ಹಾಡುತ್ತಿದ್ದಾಗ ಕುಡಿದು ಬಂದವನೊಬ್ಬ ಎದ್ದುನಿಂತು ಬಾಯಿಗೆ ಬಂದ ಹೊಲಸು ಮಾತು ಆಡಿದ. ಖಂಡಪ್ಪ ಎದುರು ಮೇಳದವನು, ಅದೇ ಸಂಜೆ ಈಕೆಯ ಮೂಗಿನ ಮೇಲೆ ನಾಲ್ಕು ನುಡಿ ಹಾಡಿದವನು, ಕೈಯಲ್ಲಿದ್ದ ಚರ್ಮದ ದಪ್ಪು ನೆಲಕ್ಕಿಟ್ಟ. “ಈಕಿಗೆ ಬೈಯೂ ಹಕ್ಕ ನನಗೊಬ್ಬಗ ಐತಿ. ನೀ ಕೂಡು” ಎಂದ. ಅವನು ಕೂತ. ಆ ವರ್ಷದ ಪಂಚಮಿಗೆ ಖಂಡಪ್ಪ ಕುಪ್ಪಸದ ಕಣ ಹಿಡಿದುಕೊಂಡು ಜೈನಾಪುರಕ್ಕೆ ಬಂದು, ತಂಗಿ ನಡಿ, ಜೋಕಾಲಿ ಕಟ್ಟೇನಿ ಎಂದು ಕರೆದ. ಅವತ್ತಿನಿಂದ ತಿಕೋಟಾದ ಮನೆಯೇ ಆಕೆಯ ತವರು. ಒಂದು ವರ್ಷವೂ ತಪ್ಪಿಸಲಿಲ್ಲ, ಅವನ ಹೆಂಡತಿ ಮಹಾನಂದಾ ಹಾಸಿಗೆ ಹಿಡಿದ ವರ್ಷವೂ.

ಇನ್ನು ಫೋನಿನ ಸುದ್ದಿ. ಆಕೆಗೆ ಟಚ್ ಫೋನು ಕೊಡಿಸಿದವನು ನಾನೇ. ‘ಗೀಗೀ ಬಳಗ’ ಎಂದು ಗ್ರೂಪು ಮಾಡಿದವನೂ ನಾನೇ. ನೂರಾ ಹತ್ತು ಮಂದಿ ಹಾಡುವವರು, ದಪ್ಪಿನವರು, ತಾಳದವರು. ದುಂಡವ್ವನಿಗೆ ಅಕ್ಷರ ಕೂಡಿಸಿ ಕೂಡಿಸಿ ಓದುವುದೇ ತ್ರಾಸು, ಆದ್ದರಿಂದ ಏನಿದ್ದರೂ ಮೈಕಿನ ಗುರುತು ಒತ್ತಿ ಮಾತಾಡಿ ಕಳಿಸುತ್ತಿದ್ದಳು. ಖಂಡಪ್ಪ ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕುತ್ತಿದ್ದ. ಇದಕ್ಕಿಂತ ನಿರುಪದ್ರವಿ ಗ್ರೂಪು ವಿಜಯಪುರ ಜಿಲ್ಲೆಯಲ್ಲಿ ಇರಲಿಲ್ಲ.

ಎಲೆಕ್ಷನ್ ಬಂತು. ಖಂಡಪ್ಪ ಒಂದು ಪಕ್ಷ, ದುಂಡವ್ವ ಇನ್ನೊಂದು. ಪಕ್ಷದ ಹೆಸರು ನಾನು ಹೇಳುವುದಿಲ್ಲ. ಹೇಳಿದ ಕ್ಷಣವೇ ನೀವು ಒಂದು ಕಡೆ ಹೋಗಿ ಕೂತುಬಿಡುತ್ತೀರಿ, ಆಮೇಲೆ ನನ್ನ ಕಥೆ ಕೇಳುವವರು ಯಾರು? ನನಗೆ ಗೊತ್ತಿರುವುದು ಇಷ್ಟು. ಗಂಡ ಸತ್ತಾಗ ವಿಧವಾ ಪಿಂಚಣಿಗೆಂದು ಈಕೆಯನ್ನು ಮೂರು ಸಲ ಕಚೇರಿಗೆ ಕರೆದುಕೊಂಡು ಹೋಗಿ ಸಹಿ ಮಾಡಿಸಿದವನು ಈಕೆಯ ಪಕ್ಷದ ಒಬ್ಬ ಕಾರ್ಯಕರ್ತ. ಮಹಾನಂದಾಳ ಹೊಟ್ಟೆಯ ಆಪರೇಷನ್ನಿಗೆ ಸೊಲ್ಲಾಪುರಕ್ಕೆ ಗಾಡಿ ಮಾಡಿ ಎರಡು ದಿನ ಆಸ್ಪತ್ರೆಯಲ್ಲಿ ಕೂತವನು ಖಂಡಪ್ಪನ ಪಕ್ಷದ ಒಬ್ಬ ಕಾರ್ಯಕರ್ತ. ಇಬ್ಬರೂ ವೋಟು ಹಾಕುವುದು ಪಕ್ಷಕ್ಕಲ್ಲ, ಉಪಕಾರಕ್ಕೆ. ಇದು ಇಬ್ಬರಿಗೂ ಗೊತ್ತಿತ್ತು, ಅದರ ಮೇಲೆ ಇಬ್ಬರೂ ಚೇಷ್ಟೆ ಮಾಡಿಕೊಳ್ಳುತ್ತಿದ್ದರು. ಹತ್ತು ಎಲೆಕ್ಷನ್ ಹೀಗೇ ದಾಟಿದ್ದವು.

ಈ ಸಲ ಖಂಡಪ್ಪನ ಮಗ ಅಪ್ಪು ಬೂತಿನ ಜವಾಬ್ದಾರಿ ಹೊತ್ತಿದ್ದ. ಮೂವತ್ತು ವರ್ಷದವನು, ಕೆಟ್ಟವನೇನಲ್ಲ, ಆದರೆ ಆ ಎರಡು ತಿಂಗಳು ಅವನ ಮೈಮೇಲೆ ಪಕ್ಷ ಬಂದಿತ್ತು. ಅಪ್ಪನ ಫೋನಿಗೆ ದಿನಕ್ಕೆ ಇಪ್ಪತ್ತು ಸಂದೇಶ ಕಳಿಸಿ ಎಲ್ಲ ಕಡೆ ಹಾಕು ಎನ್ನುತ್ತಿದ್ದ. ಖಂಡಪ್ಪ ಹೂವಿನ ಚಿತ್ರ ಹಾಕಿದಷ್ಟೇ ನಿಷ್ಠೆಯಿಂದ ಅವನ್ನೂ ಹಾಕಿದ. ಅದರಲ್ಲಿ ಒಂದು ಹೀಗಿತ್ತು: ಆ ಪಕ್ಷಕ್ಕೆ ವೋಟು ಹಾಕುವವರು ಪುಕ್ಕಟೆ ಕೂಳಿಗೆ ಬಾಯಿ ಬಿಡುವ ಜನ. ಅವನು ಓದಿ ಹಾಕಿದನೋ ಓದದೇ ಹಾಕಿದನೋ, ನಾನು ಕೇಳಿಲ್ಲ.

ದುಂಡವ್ವ ಆಗ ಆಡಿಗೆ ಸೊಪ್ಪು ತಂದು ಅಂಗಳದಲ್ಲಿ ಕೂತಿದ್ದಳಂತೆ. ಆ ಸಂದೇಶವನ್ನು ಪಕ್ಕದ ಮನೆಯವರಿಂದ ಓದಿಸಿ ಕೇಳಿದಳು. ಸಿಟ್ಟೂ ಬಂತು, ನಗೆಯೂ ಬಂತು. ಅಣ್ಣ ಸವಾಲು ಹಾಕಿದ್ದಾನೆ ಎಂದುಕೊಂಡಳು. ಮೂವತ್ತು ವರ್ಷದ ರೂಢಿ, ಬಾಯಿ ತಾನೇ ತೆರೆಯಿತು. ಮೈಕು ಒತ್ತಿ ಹಾಡಿ ಕಳಿಸಿದಳು:

ಗೂಟಕ ಕಟ್ಟಿದ ಎತ್ತ ತಾನ ಊರ ತಿರಗೇನಂದಿತ್ತ,
ಹಗ್ಗದ ಅಳತಿ ಮರತ ಹೊಲಾ ಎಲ್ಲಾ ನಂದಂದಿತ್ತ,
ಮಾಲಕ ಹಾಕಿದ ಹೊಟ್ಟ ತಿಂದ ಹಿಂಡಿ ತಿಂದೇನಂದಿತ್ತ,
ತಿಕೋಟಾದ ಖಂಡಪ್ಪ ಹೇಳೊ, ಆ ಎತ್ತ ಯಾರ ಎತ್ತ?

ಆಮೇಲೆ ನನಗೆ ಫೋನು ಮಾಡಿ, ಈಗ ನೋಡ್ತಿರು, ಅಣ್ಣ ಎಂಥ ಜವಾಬು ಕೊಡತಾನ ಎಂದು ಹಿಗ್ಗಿದಳು. ಆ ದನಿಯ ಹಿಗ್ಗು ನನಗೆ ಇನ್ನೂ ಕಿವಿಯಲ್ಲಿದೆ. ಅದು ಹಾಡಿಕೆಯ ಅಟ್ಟವಲ್ಲ, ಅಲ್ಲಿ ಬೆಳಗಾಗುವುದಿಲ್ಲ, ಮಂಗಳ ಹಾಡಲು ಯಾರೂ ಕಾಯುವುದಿಲ್ಲ ಎಂಬುದು ಆಕೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು.

ಈಗ ನನ್ನ ಬೆರಳ ತುದಿಯ ಕೆಲಸ. ಆ ಹಾಡನ್ನು ಎರಡು ಸಲ ಕೇಳಿದೆ. ಅರವತ್ತರ ಗಂಟಲಲ್ಲಿ ಇನ್ನೂ ಎಂಥ ಧಾರೆ ಇದೆ ನೋಡಿ ಎಂಬ ಹೆಮ್ಮೆಗೆ ನಮ್ಮ ಹೈಸ್ಕೂಲಿನ ಗೆಳೆಯರ ಗ್ರೂಪಿಗೆ ಕಳಿಸಿದೆ. ಕೆಳಗೆ ‘ನಮ್ಮಕ್ಕ’ ಎಂದು ಬರೆದೆ. ಅಂಗಡಿಗೆ ಗಿರಾಕಿ ಬಂದರು, ಮರೆತೆ. ಮಧ್ಯಾಹ್ನದ ಹೊತ್ತಿಗೆ ಅದೇ ಹಾಡು ನನ್ನ ಫೋನಿಗೇ ಬೇರೆ ನಾಲ್ಕು ಕಡೆಯಿಂದ ತಿರುಗಿ ಬಂತು. ಮೇಲೆ ಎತ್ತಿನ ಚಿತ್ರ, ಎತ್ತಿಗೆ ಖಂಡಪ್ಪನ ಪಕ್ಷದ ಬಣ್ಣದ ಶಾಲು, ಕೆಳಗೆ ವೋಟು ಹಾಕಿರಿ ಎಂಬ ಬರಹ. ‘ನಮ್ಮಕ್ಕ’ ಎಂಬ ಮಾತು ಎಲ್ಲಿಯೂ ಇರಲಿಲ್ಲ.

ಮರುದಿನ ತಿಕೋಟಾದಲ್ಲಿ ಆಟೋಕ್ಕೆ ಸ್ಪೀಕರು ಕಟ್ಟಿ ಅದನ್ನು ಹಚ್ಚಿದರು. ಖಂಡಪ್ಪ ದ್ರಾಕ್ಷಿ ಪಡದಲ್ಲಿ ಚಾಟನಿ ಮಾಡುವ ಆಳು, ಬಳ್ಳಿ ಕತ್ತರಿಸುವುದರಲ್ಲಿ ಆ ಸುತ್ತಿನಲ್ಲಿ ಅವನನ್ನು ಬಿಟ್ಟರಿಲ್ಲ. ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು ಚಹಾಕ್ಕೆಂದು ಬಸ್ ನಿಲ್ದಾಣಕ್ಕೆ ಬಂದವನು ತನ್ನ ಹೆಸರನ್ನು ತಂಗಿಯ ದನಿಯಲ್ಲಿ ಆಟೋದಿಂದ ಕೇಳಿದ. ಮೂವತ್ತು ವರ್ಷ ಅವನ ಹಾಡಿಗೆ ತಲೆದೂಗಿದ ಮಂದಿ, ಖಂಡಪ್ಪ, ಯಾರ ಎತ್ತಪಾ ನೀನು ಎಂದು ಕೇಳಿ ನಕ್ಕರು. ಅವನು ಚಹಾ ಕುಡಿಯದೆ ಹೋದನಂತೆ.

ಆ ಸಂಜೆ ಗ್ರೂಪಿನಲ್ಲಿ ಒಂದು ಸಾಲು ಬಿತ್ತು. ದುಂಡವ್ವ ಅದನ್ನು ಓದಿಸಿಕೊಳ್ಳಲು ಜೈನಾಪುರದಿಂದ ನನ್ನ ಅಂಗಡಿಗೇ ಬಂದಳು. ಜವಾಬು ಬಂದಿದೆ ಎಂದುಕೊಂಡಿದ್ದಳು. ಖಂಡಪ್ಪ ಗ್ರೂಪು ಬಿಟ್ಟು ಹೋಗಿದ್ದಾನೆ ಎಂದು ಓದಿ ಹೇಳಿದೆ. ಆಕೆಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಓದಿಸಿದಳು.

“ಮಂಗಳ ಹಾಡಲಾರದ ಹೆಂಗ ಎದ್ದ ಹೋದ ಅಂವ?” ಎಂದಳು.

ಗೆಳೆಯರ ಗ್ರೂಪಿಗೆ ಕಳಿಸಿದ್ದನ್ನು ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಯಾರದೋ ಝೆರಾಕ್ಸ್ ಮಾಡುತ್ತ ನಿಂತೆ.

ಅಪ್ಪು ಆಕೆಗೆ ಫೋನು ಮಾಡಿದ. ಆ ಪಕ್ಷದವರಿಂದ ರೊಕ್ಕ ತಗೊಂಡು ನಮ್ಮ ಅಪ್ಪನ ಮರ್ಯಾದೆ ಹರಾಜಿಗೆ ಹಾಕಿದಿ ಎಂದ. ಹಾಡುವ ಹೆಂಗಸಿಗೆ ನಮ್ಮ ಜನ ಏನೇನು ಅನ್ನುತ್ತಾರೋ ಅದನ್ನೂ ಅಂದ. ಆಕೆಯ ತೊಡೆಯ ಮೇಲೆ ಕೂತು ಉಂಡಿ ತಿಂದ ಹುಡುಗ. ಆಕೆ ಪೂರಾ ಕೇಳಿ ಫೋನು ಇಟ್ಟಳು. ಎರಡು ದಿನ ಒಲೆ ಹಚ್ಚಲಿಲ್ಲ ಎಂದು ನನಗೆ ಆಮೇಲೆ ಪಕ್ಕದ ಮನೆಯವರು ಹೇಳಿದರು.

ಇತ್ತ ಆಕೆಯ ಪಕ್ಷದ ಹುಡುಗರು ಬೈಕಿನ ಮೇಲೆ ಬಂದರು. ಶಾಲು ಹೊದಿಸಿದರು, ಫೋಟೋ ತೆಗೆದರು, ಅಕ್ಕಾರ ಇನ್ನೊಂದು ಹಾಡ್ರಿ, ಈ ಸಲ ಇನ್ನೂ ಖಾರ ಇರಲಿ ಎಂದರು. ನಾನೂ ಅಲ್ಲಿದ್ದೆ. ದುಂಡವ್ವ ಶಾಲು ಮಡಚಿ ಅವರ ಕೈಗೇ ಕೊಟ್ಟಳು.

“ಮೊದಲಿನ ಸವಾಲಿಗಿ ಜವಾಬ ಬಂದಿಲ್ಲ. ಜವಾಬ ಬರಲಾರದ ಎರಡನೇದು ಹಾಕೂ ರೂಢಿ ನಮ್ಮಲ್ಲಿಲ್ರಿ” ಎಂದಳು.

ಅವರಿಗೆ ಈ ಮಾತು ಹಿಡಿಯಲಿಲ್ಲ. ನಾಲ್ಕು ದಿನದಲ್ಲಿ ಆಕೆ ಆ ಕಡೆಗೆ ಮಾರಿಕೊಂಡಿದ್ದಾಳೆ ಎಂದು ಅವರೂ ಬರೆದರು. ಒಂದೇ ವಾರದಲ್ಲಿ ಎರಡೂ ಪಕ್ಷದವರು ಖರೀದಿ ಮಾಡಿದ ಹೆಣ್ಣುಮಗಳು ನಮ್ಮ ಜಿಲ್ಲೆಯಲ್ಲಿ ಈಕೆಯೊಬ್ಬಳೇ ಇರಬೇಕು, ಮನೆಯಲ್ಲಿ ನೋಡಿದರೆ ಅದೇ ಆರು ಆಡು.

ಫಲಿತಾಂಶ ಬಂತು. ಯಾರು ಗೆದ್ದರೆಂದು ಹೇಳುವುದಿಲ್ಲ. ಗೆದ್ದವರು ಇಬ್ಬರ ಮನೆಗೂ ಬರಲಿಲ್ಲ. ಆಟೋದ ಸ್ಪೀಕರಿನಲ್ಲಿ ಮತ್ತೆ ಬಾಳೆಹಣ್ಣು ಮಾರತೊಡಗಿದರು. ಎತ್ತಿನ ಚಿತ್ರ ಮಾಡಿದವನಿಗೂ ಅದು ಮರೆತುಹೋಗಿರಬೇಕು. ಮರೆಯದವರು ಇಬ್ಬರೇ, ಒಬ್ಬರು ಜೈನಾಪುರದಲ್ಲಿ, ಇನ್ನೊಬ್ಬರು ತಿಕೋಟಾದಲ್ಲಿ. ಹಾಡಿಕೆಗೆ ಕರೆಯುವವರು ಹಿಂದೆ ಸರಿದರು. ಇಬ್ಬರನ್ನೂ ಕೂಡಿಸಿದರೆ ಎಲ್ಲಿ ಗಲಾಟೆಯಾಗುತ್ತದೋ ಎಂಬ ಅಂಜಿಕೆ. ಬೇರೆ ಹರದೇಶಿಯವರ ಜೊತೆ ಹಾಡಲು ಕರೆದರೆ ಆಕೆ ಒಲ್ಲೆ ಎಂದಳು. ನನ್ನ ತುಂತುಣಿಯ ತಂತಿಗೆ ತುಕ್ಕು ಹಿಡಿಯಿತು.

ನನಗೆ ಹೀಗೆ ಅನಿಸುತ್ತದೆ, ಜಗಳಕ್ಕೆ ಯಾರೂ ಅಂಜಬೇಕಾಗಿಲ್ಲ. ಹಾಡಿಕೆಯಲ್ಲಿ ಜಗಳಕ್ಕೆ ಒಂದು ಅಂಗಳವಿತ್ತು, ಎದುರಿನವನ ಮುಖ ಕಾಣುತ್ತಿತ್ತು, ಮಾತು ನೆಟ್ಟಿತೆಂದರೆ ಅವನ ಕಣ್ಣು ನೋಡಿ ಮುಂದಿನ ನುಡಿ ಮೆತ್ತಗೆ ಹಾಕಬಹುದಿತ್ತು. ಈಗ ಅಂಗಳ ಹೋಯಿತು, ಜಗಳ ಮಾತ್ರ ಉಳಿಯಿತು. ಇದನ್ನು ಯಾರ ಮುಂದೆ ಹೇಳಿದರೂ ಹೌದೌದು ಎಂದು ತಲೆಯಾಡಿಸಿ ಮತ್ತೆ ಫೋನು ನೋಡುತ್ತಾರೆ. ನಾನೂ ನೋಡುತ್ತೇನೆ.

ಪಂಚಮಿ ಬಂತು. ದುಂಡವ್ವ ಶೇಂಗಾ ಉಂಡಿ, ಎಳ್ಳಿನ ಉಂಡಿ ಕಟ್ಟಿದಳು. ಜೋಳದ ಅಳ್ಳು ಹುರಿದಳು. ಹೊಸ ಸೀರೆ ಉಟ್ಟು ಹೊಸ್ತಿಲ ಮೇಲೆ ಕೂತಳು. ನಾನು ಊಟಕ್ಕೆ ಕರೆಯಲು ಹೋದಾಗ ಮಧ್ಯಾಹ್ನದ ಬಸ್ಸೂ ಹೋಗಿತ್ತು. ಡಬ್ಬಿ ಮಗ್ಗುಲಲ್ಲೇ ಇತ್ತು.

“ಅರವತ್ತ ವರ್ಷಕ್ಕ ಇನ್ನೊಮ್ಮೆ ತವರ ಕಳಕೊಂಡೆ ನೋಡ ತಮ್ಮಾ” ಎಂದಳು. ಅಳಲಿಲ್ಲ. ಸುಸ್ತಾದವರ ದನಿ ಅದು.

ಅಲ್ಲಿ ನನಗೆ ತಡೆಯಲಾಗಲಿಲ್ಲ. ಹಾಡನ್ನು ಹೊರಗೆ ಕಳಿಸಿದವನು ನಾನೇ ಎಂದು ಹೇಳಿದೆ. ಹೆಮ್ಮೆಗೆ ಕಳಿಸಿದೆ ಎಂಬುದನ್ನೂ, ಐದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನೂ ಹೇಳಿದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಆಕೆ ಅಳ್ಳಿನ ಪುಟ್ಟಿಯಲ್ಲಿ ಬೆರಳಾಡಿಸಿದಳು. ನೀ ಕಳಿಸದಿದ್ದರೆ ಇನ್ನೊಬ್ಬ ಕಳಿಸುತ್ತಿದ್ದ, ನೂರಾ ಹತ್ತು ಮಂದಿ ಇದ್ದಾರಲ್ಲ ಎಂದಳು. ಅದು ಕ್ಷಮೆಯೋ ಬೇಸರವೋ ನನಗೆ ಇವತ್ತಿಗೂ ತಿಳಿದಿಲ್ಲ. ಅಷ್ಟು ಹೇಳಿ ಎದ್ದಳು.

“ಸವಾಲ ಹಾಕಿದಾಕಿ ನಾನು. ಜವಾಬ ಕೇಳಾಕ ನಾನ ಹೋಗಿ ಕೂಡಬೇಕಾಗಿತ್ತು. ಅಂವ ಬರಲಿ ಅಂತ ಹೊಸ್ತಲಾ ಕಾಯ್ಕೋತ ಕುಂತೇನಿ, ಹುಚ್ಚಿ. ನಾಳಿಗಿ ಹೋಗೂನು ನಡಿ.”

ಮರುದಿನ ವಿಜಯಪುರಕ್ಕೆ ಹೋಗಿ ಅಲ್ಲಿಂದ ತಿಕೋಟಾದ ಬಸ್ಸು ಹಿಡಿದೆವು. ತೊಡೆಯ ಮೇಲೆ ಉಂಡಿಯ ಡಬ್ಬಿ. ಖಂಡಪ್ಪ ಬಾಗಿಲು ಮುಚ್ಚಿದರೆ ಏನು ಮಾಡುವುದು ಎಂದು ನಾನು ಒಮ್ಮೆ ಕೇಳಿದೆ. ಕಟ್ಟೆಯ ಮೇಲೆ ಕೂಡುವುದು ಎಂದಳು.

ಬಾಗಿಲು ಮುಚ್ಚಲಿಲ್ಲ. ಖಂಡಪ್ಪ ಅಂಗಳದಲ್ಲಿ ಕತ್ತರಿ ಸಾಣೆ ಹಿಡಿಯುತ್ತಿದ್ದ. ಐದು ತಿಂಗಳಲ್ಲಿ ಮೀಸೆ ಪೂರಾ ಬೆಳ್ಳಗಾಗಿತ್ತು. ನಮ್ಮನ್ನು ನೋಡಿದವನು ಕತ್ತರಿ ಕೆಳಗಿಟ್ಟು ಎದ್ದುನಿಂತ. ಮಹಾನಂದಾ ಒಳಗಿನಿಂದ ಬಂದು ದುಂಡವ್ವನ ಕೈ ಹಿಡಿದು ಕೂರಿಸಿದಳು, ನೀರು ತಂದಳು. ಅಪ್ಪು ಬಾಗಿಲ ಚೌಕಟ್ಟಿಗೆ ಒರಗಿ ನಿಂತ, ಕೈಯಲ್ಲಿ ಫೋನು.

ದುಂಡವ್ವ ನೀರು ಕುಡಿದು, ಜವಾಬು ಕೇಳಲು ಬಂದಿದ್ದೇನೆ, ಕೇಳದೆ ಏಳುವುದಿಲ್ಲ ಎಂದು ಸರಳವಾಗಿ ಹೇಳಿದಳು. ಅಪ್ಪುಗೆ ತಡೆಯಲಾಗಲಿಲ್ಲ. ಮಾಡೂದೆಲ್ಲ ಮಾಡಿ ಈಗ ಯಾವ ಮೋತಿ ಹೊತ್ತು ಬಂದಿ ಎಂದು ಶುರುಮಾಡಿದ. ಖಂಡಪ್ಪ ಅವನತ್ತ ತಿರುಗಿದ.

“ಈಕಿಗೆ ಬೈಯೂ ಹಕ್ಕ ನನಗೊಬ್ಬಗ ಐತಿ. ನೀ ಕೂಡು.”

ಅಪ್ಪು ಕೂಡಲಿಲ್ಲ, ಆದರೆ ಬಾಯಿ ಮುಚ್ಚಿದ. ಖಂಡಪ್ಪ ತಂಗಿಯ ಎದುರು ಬಂದು ನೆಲಕ್ಕೇ ಕೂತ. ಆಮೇಲೆ ಅವನು ಹೇಳಿದ್ದನ್ನು ನಾನು ಅವನ ಮಾತಿನಲ್ಲೇ ಬರೆಯಬೇಕು.

“ನನಗ ಸಿಟ್ಟಿಲ್ಲ ತಂಗಿ. ಎತ್ತಿನ ಹಾಡ ಚಲೋ ಇತ್ತು. ಜವಾಬ ಅವತ್ತ ಕಟ್ಟೇನಿ, ಕಳಸಬೇಕಂತ ಫೋನ ಹಿಡದಿದ್ದೆ. ಅಷ್ಟರಾಗ ಆಟೋ ಬಂತು. ನಿಂದು ನನ್ನ ಊರಾಗ ಹಚ್ಚ್ಯಾರ, ನಂದು ಕಳಸಿದ್ರ ನಮ್ಮ ಹುಡುಗುರು ನಿನ್ನ ಮನಿ ಮುಂದ ಹಚ್ಚತಾರ ಅನಿಸ್ತು. ನುಂಗಿದೆ. ಅಲ್ಲಿದ್ರ ಬಾಯಿ ತಡಿಯಂಗಿಲ್ಲಂತ ಗ್ರೂಪ ಬಿಟ್ಟೆ. ಐದ ತಿಂಗಳಾತು, ಹೊಟ್ಟ್ಯಾಗ ಕಲ್ಲಿನಗತೆ ಕುಂತೈತಿ.”

“ಪಂಚಮಿಗಿ ಯಾಕ ಬರಲಿಲ್ಲ?”

“ಜವಾಬ ಕೊಡಲಾರದ ನಿನ್ನ ಮನಿಗಿ ಯಾವ ಮಾರಿ ಹೊತ್ಕೊಂಡ ಬರಲಿ?”

ನಾನು ಅಂಗಳದ ಕಲ್ಲು ನೋಡುತ್ತಿದ್ದೆ. ಐದು ತಿಂಗಳು ಈ ಮನುಷ್ಯ ಸಿಟ್ಟಿನಿಂದ ಸುಮ್ಮನಿದ್ದಾನೆ ಎಂದು ನಾವು ತಿಳಿದಿದ್ದೆವು. ಅವನು ತಂಗಿಯ ಮನೆಯ ಮುಂದೆ ಸ್ಪೀಕರು ನಿಲ್ಲದಂತೆ ಕಾಯುತ್ತಿದ್ದ. ಅವನಿಗೂ ನನ್ನ ತಪ್ಪು ಹ್ಯಾಗೋ ಹೇಳಿದೆ. ಅವನು ನನ್ನ ಕಡೆ ನೋಡಲೂ ಇಲ್ಲ, ಕೈಯಿಂದಲೇ ಸಾಕು ಬಿಡು ಎಂದ.

ದುಂಡವ್ವ ಮಹಾನಂದಾಳಿಂದ ರೊಟ್ಟಿಯ ಬುಟ್ಟಿ ತರಿಸಿದಳು. ಎಲ್ಲರ ಫೋನೂ ಅದರಲ್ಲಿ ಹಾಕಿಸಿದಳು. ನಾನು ಹಾಕಿದೆ. ಖಂಡಪ್ಪ ಹಾಕಿದ. ಅಪ್ಪು ಅವ್ವನ ಮುಖ ನೋಡಿ ಕೊನೆಗೆ ಹಾಕಿದ. ಬುಟ್ಟಿ ಒಳಗೆ ಹೋಯಿತು. ದಪ್ಪು ತೆಗೆಯಲಿಲ್ಲ, ತುಂತುಣಿ ತಂದಿರಲಿಲ್ಲ. ಖಂಡಪ್ಪ ತೊಡೆ ತಟ್ಟುತ್ತ ತಂಗಿಯ ಮುಖಕ್ಕೆ ಮುಖ ಕೊಟ್ಟು ಹಾಡಿದ:

ಎತ್ತ ನಂದ ತಂಗಿ, ಗೂಟಾ ನಂದ, ಹಗ್ಗಾ ನಾನ ಹೊಸದೇನಿ,
ಬಟ್ಟಲ ಹಾಲಿಗೆ ಬಾಲಾ ಸುತ್ತೋ ಬೆಕ್ಕಿನ ಹೆಸರ ಕೇಳೇನಿ,
ಕಣ್ಣ ಮುಚ್ಚಿ ಕುಡದ್ರ ಊರಿಗೆ ಕಾಣಂಗಿಲ್ಲಂತ ತಿಳದೈತಿ,
ಜೈನಾಪುರದ ದುಂಡವ್ವ ಹೇಳ, ಆ ಬೆಕ್ಕ ಯಾರ ಮನ್ಯಾಗೈತಿ?

ಹಾಡು ಆಕೆಗೆ ನೆಟ್ಟಿತು. ಬಟ್ಟಲ ಹಾಲೆಂದರೆ ಆ ಪಿಂಚಣಿ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತು. ತಾಳ ಹಾಕುತ್ತಿದ್ದ ಆಕೆಯ ಕೈ ನಿಂತದ್ದನ್ನು ಕಂಡೆ. ಖಂಡಪ್ಪನೂ ಕಂಡ, ಅವನ ದನಿ ಕೊನೆಯ ಸಾಲಿನಲ್ಲಿ ಮೆತ್ತಗಾಯಿತು. ಆಕೆ ತಲೆ ಎತ್ತಿದಳು.

“ಬೆಕ್ಕ ನಮ್ಮ ಮನ್ಯಾಗ ಐತಿ ಯಣ್ಣಾ. ನಾನ ಸಾಕೇನಿ.”

ಎತ್ತು ನನ್ನದೇ ಎಂದು ಅವನು ಒಪ್ಪಿದ್ದ, ಬೆಕ್ಕು ನನ್ನದೇ ಎಂದು ಈಕೆ ಒಪ್ಪಿದಳು. ಎಲೆಕ್ಷನ್ನಿನ ಆ ಎರಡು ತಿಂಗಳಲ್ಲಿ ನನ್ನ ಫೋನಿಗೆ ಬಂದ ಸಾವಿರಾರು ಸಂದೇಶಗಳಲ್ಲಿ ಹೀಗೆ ಒಪ್ಪಿಕೊಂಡವರು ಒಬ್ಬರೂ ಇರಲಿಲ್ಲ. ಮಂಗಳ ಹಾಡಿದರು. ಐದು ತಿಂಗಳು ಹಾಡದ ದನಿ, ಎರಡು ಕಡೆ ಒಡೆಯಿತು. ಮಹಾನಂದಾ ಬಿಸಿ ರೊಟ್ಟಿ ತಂದಿಟ್ಟಳು. ಅಣ್ಣ ಒಂದು ತುದಿ, ತಂಗಿ ಒಂದು ತುದಿ ಹಿಡಿದು ಮುರಿದರು. ಅಪ್ಪು ಉಂಡಿಯ ಡಬ್ಬಿಯಿಂದ ಒಂದು ತೆಗೆದುಕೊಂಡು ಒಳಗೆ ಹೋದ. ಅಷ್ಟೇ. ಮುಂದಿನ ಎಲೆಕ್ಷನ್ನಿಗೂ ಖಂಡಪ್ಪ ತನ್ನ ಪಕ್ಷಕ್ಕೇ ಹಾಕುತ್ತಾನೆ, ಈಕೆ ಈಕೆಯ ಪಕ್ಷಕ್ಕೇ. ಅದರ ಮಾತೇ ಬರಲಿಲ್ಲ.

ಹೊರಡುವಾಗ ಮಹಾನಂದಾ ನಮ್ಮ ಫೋನು ತಿರುಗಿ ಕೊಟ್ಟು, ನಾಲ್ಕು ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ತವರಿನ ಬುತ್ತಿ.

ವಿಜಯಪುರದಲ್ಲಿ ಇಳಿದಾಗ ಇಳಿಹೊತ್ತು. ತಲೆ ನೋಯುತ್ತಿದೆ, ಚಹಾ ಕುಡಿಯೋಣ ಎಂದಳು ದುಂಡವ್ವ. ಗಾಂಧಿ ಚೌಕದ ಬುಡ್ಡೇಸಾಬನ ಚಹಾದ ಗಾಡಿಗೆ ಕರೆದುಕೊಂಡು ಹೋದೆ. ಝೆರಾಕ್ಸ್ ಕಾಗದ ಒಯ್ಯಲು ಬಂದಾಗಲೆಲ್ಲ ನಾನು ಅವನಲ್ಲೇ ಕುಡಿಯುವುದು. ಅವನಿಗೆ ನನ್ನ ಗುರುತಿದೆ, ಆಕೆಯ ಗುರುತಿಲ್ಲ. ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ ಎರಡು ಲೋಟ ಕೊಟ್ಟ. ಫೋನು ಎತ್ತಿಕೊಂಡು, ಸತೀಶಣ್ಣ, ಇದನ್ನ ಕೇಳ್ರಿ, ಈಗ ಬಂದೈತಿ ಎಂದ.

ಖಂಡಪ್ಪನ ದನಿ. ಎತ್ತ ನಂದ ತಂಗಿ, ಗೂಟಾ ನಂದ. ತೊಡೆ ತಟ್ಟುವ ಸಪ್ಪಳವೂ ಇತ್ತು. ಗೋಡೆಯ ಆಚೆ ಯಾರು ನಿಂತಿದ್ದರೋ ದೇವರೇ ಬಲ್ಲ. ನಾವು ಬಸ್ಸಿನಲ್ಲಿ ಬರುವಷ್ಟರಲ್ಲಿ ಹಾಡು ನಮಗಿಂತ ಮೊದಲು ಊರು ಮುಟ್ಟಿತ್ತು. ಬೆಕ್ಕಿನ ಸಾಲು ಬಂದಾಗ ಗಾಡಿಯ ಸುತ್ತ ನಿಂತವರು ಜೋರಾಗಿ ನಕ್ಕರು. ಆ ಬೆಕ್ಕ ಯಾರ ಮನ್ಯಾಗೈತಿ ಎಂಬಲ್ಲಿಗೆ ಅದು ನಿಂತಿತು.

ದುಂಡವ್ವ ಲೋಟ ಕೆಳಗಿಟ್ಟಳು. ಎದ್ದು ಹೋಗುತ್ತಾಳೆ ಎಂದುಕೊಂಡೆ.

“ಮುಂದಿಂದು ಹಚ್ಚಪಾ” ಎಂದಳು.

“ಮುಂದ ಇಲ್ಲ ಯವ್ವಾ. ಇಷ್ಟ ಐತಿ” ಎಂದ ಬುಡ್ಡೇಸಾಬ.

“ಮುಂದ ಐತಿ” ಎಂದಳು.

ಕೂತಲ್ಲೇ ಕಣ್ಣು ಮುಚ್ಚಿ ಹಾಡಿದಳು. ಮೊದಲು ತನ್ನ ಸಾಲು, ಆಮೇಲೆ ಅಣ್ಣನ ಸಾಲು, ಎರಡನ್ನೂ ತಾನೇ:

ಆಡಿದ ಮಾತ ಅಂಗಳದಾಗ ಬಿಟ್ಟ ಒಳಗ ಬರ್ರಿ ಕೂಡಿ,
ಸೋತವರಿಲ್ಲ ಗೆದ್ದವರಿಲ್ಲ, ಉಣ್ಣೂನು ಮಂಗಳ ಹಾಡಿ.

ದನಿ ಜೋರಿರಲಿಲ್ಲ. ಆಟೋಗಳ ಸದ್ದಿನಲ್ಲಿ ಗಾಡಿಯ ಸುತ್ತಲಿನ ಆರೇಳು ಮಂದಿಗೆ ಮಾತ್ರ ಕೇಳಿಸಿರಬೇಕು. ಹಾಡಿನೊಳಗಿನ ಆ ದುಂಡವ್ವ ಈಕೆಯೇ ಎಂದು ಬುಡ್ಡೇಸಾಬನಿಗೆ ಆಗ ತಿಳಿಯಿತು. ಫೋನು ಕೆಳಗಿಟ್ಟು, ತಪ್ಪಾತ್ರಿ ಯವ್ವಾ ಎಂದ. ಆಕೆ ಬುತ್ತಿ ಬಿಚ್ಚಿ ಒಂದು ರೊಟ್ಟಿ ತೆಗೆದು ಒಂದು ತುದಿ ಅವನ ಕಡೆ ಚಾಚಿದಳು. ಅವನು ಕೈ ಒರೆಸಿಕೊಂಡು ಹಿಡಿದ. ಮುರಿದರು.

ನನ್ನ ಫೋನು ಕಿಸೆಯಲ್ಲೇ ಇತ್ತು. ಆ ಮಂಗಳವನ್ನು ನಾನು ಹಿಡಿದಿಟ್ಟುಕೊಳ್ಳಲಿಲ್ಲ, ಬೇರೆ ಯಾರೂ ಹಿಡಿಯಲಿಲ್ಲ. ಬಬಲೇಶ್ವರದ ಬಸ್ಸಿಗೆ ಹೊತ್ತಾಗಿತ್ತು.